ವಿಳಾಸ ತಪ್ಪಿದ ಚಿತ್ರ

ನಮ್ಮೂರಿನಲ್ಲಿ ಯಾರ ಮನೆಗೆ ಹೋದರೂ ನಡುಮನೆಯ ಗೋಡೆಯ ಮೇಲೆ ಖಾಲಿ ಚೌಕಟ್ಟುಗಳು ಕಾಣುತ್ತವೆ. ಒಳ್ಳೆಯ ತೇಗದ ಚೌಕಟ್ಟು, ಅದಕ್ಕೆ ಗಾಜು, ಗಾಜಿನ ಹಿಂದೆ ಬರೀ ಬಿಳಿ ಹಾಳೆ. ಬಂದವರು ಅದರ ಮುಂದೆ ಕೈಕಟ್ಟಿ ನಿಂತು, "ಎಂಥಾ ಕೈ ಸ್ವಾಮಿ ಇದು!" ಎಂದು ತಲೆದೂಗಬೇಕು. ತಲೆದೂಗದವರಿಗೆ ಆ ಮನೆಯಲ್ಲಿ ಎರಡನೆಯ ಲೋಟ ಕಾಫಿ ಸಿಗುವುದಿಲ್ಲ. ಚಿತ್ರ ಚೆನ್ನಾಗಿ ಬಂದಿದ್ದರೆ ಅದು ಹಾಳೆಯ ಮೇಲೆ ಯಾಕಿರುತ್ತದೆ? ಬೆಳಗ್ಗೆ ಹಾಲಿನವನು ಬರುವಷ್ಟರಲ್ಲಿ ಹಾಳೆ ಬಿಟ್ಟು ತನ್ನವರನ್ನು ಸೇರಿಕೊಂಡಿರುತ್ತದೆ. ಮಾವಿನ ಮರದ ಚಿತ್ರ ಮಾವಿನ ಮರಕ್ಕೆ, ಎಮ್ಮೆಯ ಚಿತ್ರ ಎಮ್ಮೆಗೆ. ಸೇರಿದ ಮೇಲೆ ಮರದ ಎಲೆಗಳು ಆಗತಾನೆ ತೊಳೆದಿಟ್ಟಂತೆ ಹೊಳೆಯುತ್ತವೆ, ಎಮ್ಮೆಗೆ ಮದುವಣಗಿತ್ತಿಯ ಗತ್ತು ಬರುತ್ತದೆ. ಮನುಷ್ಯರಿಗಾದರೆ ಮುಖದಲ್ಲಿ ಕಳೆ. ಮದುವೆಯ ಹಿಂದಿನ ದಿನ ನಮ್ಮಲ್ಲಿ ಹೆಣ್ಣಿಗೆ ಅರಿಸಿನ ಹಚ್ಚುವುದರ ಜೊತೆಗೆ ಚಿತ್ರ ಬರೆಯುವವರನ್ನೂ ಕರೆಸುತ್ತಾರೆ. ಹೋಗದೆ ಹಾಳೆಯಲ್ಲೇ ಉಳಿದ ಚಿತ್ರ ಎಂದರೆ ತಳ ಹತ್ತಿದ ಪಾಯಸದ ಹಾಗೆ, ಯಾರೂ ಬಂದವರಿಗೆ ತೋರಿಸುವುದಿಲ್ಲ. ಅಟ್ಟದ ಮೇಲೆ ಹಾಕುತ್ತಾರೆ.

ಬರೀ ಹಾಳೆಗೆ ಚೌಕಟ್ಟು ಹಾಕಿಸಿ ಜಂಬ ಕೊಚ್ಚುವವರೂ ಇದ್ದಾರೆ, ಇಲ್ಲದೆ ಇರುತ್ತಾರೆಯೇ? ಅದಕ್ಕೆ ನೀರಿನ ಪರೀಕ್ಷೆ ಇದೆ. ಚಿತ್ರ ಬಿಟ್ಟುಹೋದ ಹಾಳೆಯ ಮೇಲೆ ಒಂದು ಹನಿ ನೀರು ಬಿಟ್ಟರೆ ಅದು ಒಳಗೆ ಇಳಿಯುವುದಿಲ್ಲ, ಕೆಸುವಿನ ಎಲೆಯ ಮೇಲಿನ ಹನಿಯಂತೆ ಉರುಳಾಡುತ್ತದೆ. ನಮ್ಮೂರ ಚಿತ್ರಕಲಾ ಕಾಲೇಜಿನಲ್ಲಿ ಕೊನೆಯ ಪರೀಕ್ಷೆಗೆ ಅಂಕ ಕೊಡುವುದು ಹೀಗೇ. ಒಬ್ಬ ಮನುಷ್ಯನನ್ನು ಎದುರಿಗೆ ಕೂರಿಸುತ್ತಾರೆ, ನೋಡಿ ಬರೆಯಬೇಕು. ಮಾರನೆಯ ಬೆಳಗ್ಗೆ ಹಾಳೆ ಖಾಲಿಯಾಗಿ, ಹನಿ ಉರುಳಿ, ಕೂತವರ ಮುಖದಲ್ಲಿ ಕಳೆ ಬಂದಿದ್ದರೆ ಪಾಸು.

ಈ ಕಾಲೇಜಿನ ಎದುರಿಗೇ ನನ್ನ ಸೈಕಲ್ ಶಾಪು. ನನ್ನ ಹೆಸರು ಉಮಾಪತಿ. ಆದರೆ ಊರಿನಲ್ಲಿ ಯಾರನ್ನಾದರೂ ಉಮಾಪತಿ ಎಲ್ಲಿ ಎಂದು ಕೇಳಿದರೆ, "ಯಾರು, ತಪ್ಪು ವಿಳಾಸಾನಾ?" ಎನ್ನುತ್ತಾರೆ. ಆ ಹೆಸರು ಬಂದದ್ದು ನನ್ನ ಹೆಂಡತಿ ಸರ್ವಮಂಗಳಳಿಂದ. ಆಗ ಅವಳು ನನ್ನ ಹೆಂಡತಿಯಲ್ಲ, ಎರಡು ಜಡೆ ಹಾಕಿಕೊಂಡು ಕಾಲೇಜಿಗೆ ಬರುತ್ತಿದ್ದ ಹುಡುಗಿ. ಅವಳ ಕೊನೆಯ ಪರೀಕ್ಷೆಗೆ ಕೂತವರು ಪೋಸ್ಟ್ ಮಾಸ್ಟರ್ ಷಡಕ್ಷರಯ್ಯನವರು. ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಒಂದು ಕೆಮ್ಮನ್ನೂ ಕೆಮ್ಮದೆ, ಇಡೀ ಬೆಳಗ್ಗೆ ಕಂಬದ ಹಾಗೆ ಕೂತಿದ್ದರು. ಮಾರನೆಯ ದಿನ ನೋಡಿದರೆ ಹಾಳೆಯೇನೋ ಖಾಲಿ, ಹನಿಯೂ ಉರುಳಿತು. ಆದರೆ ಮಾಸ್ಟರ ಮುಖ ಹಿಂದಿನ ದಿನ ಹೇಗಿತ್ತೋ ಹಾಗೇ ಇತ್ತು. ಚಿತ್ರ ಎಲ್ಲಿ ಹೋಯಿತೆಂದು ಎಲ್ಲರೂ ಹುಡುಕಿದ್ದೇ ಹುಡುಕಿದ್ದು. ನಾನು ಅಂಗಡಿಯ ಬಾಗಿಲು ತೆಗೆದು, ಪಂಕ್ಚರ್ ನೋಡಲು ಬೋಗುಣಿಯ ನೀರಿಗೆ ಟ್ಯೂಬು ಅದ್ದಿದವನು, ನೀರಿನಲ್ಲಿ ನನ್ನ ಮುಖ ನೋಡಿ ನಾನೇ ಬೆಚ್ಚಿದೆ. ಹುಣ್ಣಿಮೆಯ ಹಾಗಿತ್ತು. ಪರೀಕ್ಷೆ ನಡೆದ ಕೋಣೆಯ ಕಿಟಕಿ ನನ್ನ ಅಂಗಡಿಗೆ ನೇರಕ್ಕಿತ್ತು ಎಂಬುದು ಆಗ ಎಲ್ಲರಿಗೂ ಹೊಳೆಯಿತು. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದಂತಾಯಿತು. ಅವಳನ್ನು ಫೇಲು ಮಾಡಿದರು, ನನಗೆ ಕೊಟ್ಟು ಮದುವೆ ಮಾಡಿದರು. ಅವಳ ಅಪ್ಪ ಧಾರೆ ಎರೆಯುವಾಗಲೂ ನನ್ನ ಮುಖ ನೋಡಲಿಲ್ಲ. ಇಷ್ಟು ಕಳೆ ಇರುವ ಮುಖ ನೋಡದೆ ಇರಲು ಪಾಪ ಅವರು ಎಷ್ಟು ಕಷ್ಟಪಟ್ಟರೋ.

ಆಮೇಲೆ ಅವಳು ಕುಂಚ ಮುಟ್ಟಲಿಲ್ಲ. ಮಗಳು ಚಿನ್ನಿ ಹುಟ್ಟಿದಳು, ಬೆಳೆದಳು, ಮದುವೆಯಾಗಿ ಎರಡು ಬೀದಿ ಆಚೆ ಸಂಸಾರ ಹೂಡಿದಳು. ನನ್ನ ಮುಖದ ಹುಣ್ಣಿಮೆಯೂ ಹತ್ತಿಪ್ಪತ್ತು ವರ್ಷ ಇದ್ದು ಮೆಲ್ಲಗೆ ಕರಗಿತು. ತಲೆಯ ಮೇಲಿನ ಕೂದಲೂ ಅದರ ಹಿಂದೆಯೇ ಹೊರಟಿತು.

ಹೋದ ವರ್ಷ ಒಂದು ಬೆಳಗ್ಗೆ ಸರ್ವಮಂಗಳ ನನಗೆ ಕಾಫಿ ತಂದು ಅಂಗಡಿಯ ಸ್ಟೂಲಿನ ಮೇಲೆ ಕೂರಲು ಹೋದಳು. "ಅಮ್ಮಾ, ನಾನಿದೀನಿ" ಎಂಬ ಸಣ್ಣ ಸ್ವರ ಕೇಳಿತು. ಗಾಬರಿಯಾಗಿ ಎದ್ದಳು. ನೋಡಿದರೆ ಸ್ಟೂಲಿನ ಮೇಲೆ ಮೊದಲೇ ಒಬ್ಬ ಮುದುಕರು ಕೂತಿದ್ದಾರೆ. ಅವರು ಯಾವಾಗ ಬಂದರೆಂದು ನನಗೂ ಗೊತ್ತಾಗಿರಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದ ಮೇಲೆ ಗುರುತು ಸಿಕ್ಕಿತು. ಷಡಕ್ಷರಯ್ಯನವರು. ವರ್ಗವಾಗಿ ಊರೂರು ತಿರುಗಿ, ನಿವೃತ್ತಿಯಾದ ಮೇಲೆ ಮಗನ ಜೊತೆ ಇದ್ದು, ಈಗ ಸ್ವಂತ ಊರೇ ಸಾಕೆಂದು ಬಂದಿದ್ದರು.

"ತಪ್ಪು ತಿಳ್ಕೋಬೇಡಿ ಮಾಸ್ಟ್ರೇ, ಕಾಣ್ಲಿಲ್ಲ" ಎಂದಳು ಸರ್ವಮಂಗಳ.

"ನಿನ್ನ ತಪ್ಪಲ್ಲ ತಾಯಿ, ಯಾರಿಗೂ ಕಾಣಲ್ಲ" ಎಂದರು ಅವರು. "ಬಸ್ಸಿಗೆ ಕೈ ಅಡ್ಡ ಹಾಕಿದ್ರೆ ನಿಲ್ಸೋದಿಲ್ಲ. ಹೋಟೆಲಲ್ಲಿ ಕೂತ್ರೆ ಮಾಣಿ ಮೇಜು ಒರೆಸ್ಕೊಂಡು ಹೊರಟುಹೋಗ್ತಾನೆ. ಒಂದು ಸಲ ಮೇಜಿನ ಜೊತೆ ನನ್ನ ಕೈನೂ ಒರೆಸಿದ. ಎಂಬತ್ತು ದಾಟ್ತು, ಒಂದೇ ಒಂದು ಚಿತ್ರಾನೂ ಬಂದು ಸೇರಿಲ್ಲ. ಕಳೆ ಎಲ್ಲಿಂದ ಬರಬೇಕು?"

"ಮತ್ತೆ ಯಾರ ಹತ್ರನಾದ್ರೂ ಬರೆಸ್ಕೋಬಾರದಿತ್ತಾ?"

"ಹೇಗೆ ಬರೆಸ್ಕೊಳ್ಳಲಿ? ಕಾಲೇಜಿನ ನಿಯಮ ನೀನೇ ಮರೆತ್ಯಾ? ಒಬ್ಬರ ಪರೀಕ್ಷೆಗೆ ಕೂತವರನ್ನ, ಬರೆದೋರು ಪಾಸಾಗೋ ತನಕ ಇನ್ನೊಬ್ಬರು ಬರೆಯೋ ಹಾಗಿಲ್ಲ. ನೀನು ಇನ್ನೂ ಪಾಸಾಗಿಲ್ವಲ್ಲಮ್ಮ." ಅಂಗಡಿಯ ಸುತ್ತ ಒಮ್ಮೆ ಕಣ್ಣಾಡಿಸಿ ಮತ್ತೆ ಹೇಳಿದರು. "ಊರಿನೋರ ಕಾಗದ ಎಲ್ಲಾ ಸರಿಯಾದ ವಿಳಾಸಕ್ಕೆ ಮುಟ್ಟಿಸ್ದೋನು ನಾನು. ನನಗೆ ಬರಬೇಕಾದ್ದು ಮಾತ್ರ ಈ ಸೈಕಲ್ ಶಾಪಿಗೆ ಬಂತು."

ಕೋಪದಿಂದ ಹೇಳಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ನಗುತ್ತಾ ಹೇಳಿದರು. ಆ ನಗುವೂ ಅರ್ಧಂಬರ್ಧ ಕಾಣಿಸಿತು. ಸರ್ವಮಂಗಳ ಅವತ್ತು ಊಟ ಮಾಡಲಿಲ್ಲ. ಸಾಯಂಕಾಲ ಅಂಗಡಿಗೆ ಬಂದು, "ರೀ, ನಾನು ಕಾಲೇಜಿಗೆ ಸೇರ್ತೀನಿ" ಎಂದಳು. ನಾನು ಚೈನಿಗೆ ಎಣ್ಣೆ ಬಿಡುತ್ತಿದ್ದವನು ಚಪ್ಪಲಿಗೆ ಬಿಟ್ಟುಕೊಂಡೆ.

ಪ್ರಿನ್ಸಿಪಾಲರು ಮೊದಮೊದಲು ಮೀನಮೇಷ ಎಣಿಸಿದರು. ಪರೀಕ್ಷೆಗೆ ಕೂರಬೇಕಾದರೆ ಕೊನೆಯ ವರ್ಷದ ತರಗತಿಗಳಿಗೆಲ್ಲ ಹಾಜರಾಗಬೇಕು, ಈ ವಯಸ್ಸಿನಲ್ಲಿ ಆಗುತ್ತದೆಯೇ ಎಂದರು. "ಈ ವಯಸ್ಸಿನಲ್ಲೇ ಆಗಬೇಕು ಸಾರ್, ಮಾಸ್ಟ್ರಿಗೆ ಇನ್ನೊಂದು ವಯಸ್ಸು ಇಲ್ಲ" ಎಂದಳಂತೆ ನಮ್ಮವಳು. ಸೇರಿಸಿಕೊಂಡರು. ಜೂನ್ ತಿಂಗಳಿನಲ್ಲಿ ಹೊಸ ಬ್ಯಾಗು ನೇತುಹಾಕಿಕೊಂಡು, ಇಳಕಲ್ ಸೀರೆಯುಟ್ಟು, ಚಪ್ಪಲಿಗೆ ಎರಡು ಸಲ ಪಾಲಿಷ್ ಹಾಕಿ ರಸ್ತೆ ದಾಟಿದಳು. ನನ್ನ ಅಂಗಡಿಯಿಂದ ಕಾಲೇಜಿನ ಗೇಟಿಗೆ ಕೂಗಿದರೆ ಕೇಳುವಷ್ಟು ದೂರ. ಆದರೂ ಗೇಟಿನ ಹತ್ತಿರ ನಿಂತು ತಿರುಗಿ ನನಗೆ ಕೈಬೀಸಿದಳು, ಎಲ್ಲೋ ದೂರದ ಊರಿಗೆ ಹೊರಟವಳಂತೆ. ಗಿರಾಕಿಯ ಎದುರಿಗೆ ಅಳುವುದು ಬೇಡವೆಂದು ಪಂಪು ಹೊಡೆಯತೊಡಗಿದೆ, ಟ್ಯೂಬು ಢಂ ಎಂದಿತು.

ತರಗತಿಯ ಮಕ್ಕಳೆಲ್ಲ ಹತ್ತೊಂಬತ್ತು ಇಪ್ಪತ್ತರವರು. ಮೊದಲ ವಾರ "ಆಂಟಿ" ಎಂದರು, ಎರಡನೆಯ ವಾರ ಅವಳ ಡಬ್ಬಿಯ ಚಟ್ನಿಪುಡಿ ತಿಂದು "ಮಂಗಳಕ್ಕ" ಎಂದರು. ಪಾಠ ಹೇಳುವ ಜಬೀನ್ ಮೇಡಂ ನಮ್ಮ ಮಗಳಿಗಿಂತ ಚಿಕ್ಕವರು. ತೆಳ್ಳಗೆ, ಎತ್ತರಕ್ಕೆ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಯಾರನ್ನೂ ಬೈಯುವವರಲ್ಲ. ಚಿತ್ರ ಸರಿಯಿಲ್ಲದಿದ್ದರೆ, "ಹೂಂ, ಇದು ಎಲ್ಲೂ ಹೋಗಲ್ಲ, ಮನೇಲೇ ಇರತ್ತೆ" ಎಂದು ಮುಂದಕ್ಕೆ ಹೋಗುತ್ತಿದ್ದರು.

ಸರ್ವಮಂಗಳಳ ಚಿತ್ರಗಳ ಕಥೆ ಬೇರೆ. ಅವು ಮನೆಯಲ್ಲಿರುತ್ತಿರಲಿಲ್ಲ. ಒಂದೊಂದೂ ಹಾಳೆ ಬಿಟ್ಟು ಹೋಗುತ್ತಿದ್ದವು. ಎಲ್ಲಿಗೆ ಎಂದರೆ, ನನ್ನ ಹತ್ತಿರಕ್ಕೆ.

ಮೊದಲು ಬದನೆಕಾಯಿ ಬರೆದಳು. ಬೆಳಗ್ಗೆ ಎದ್ದಾಗ ನನ್ನ ಮೂಗು ನೇರಳೆ ಬಣ್ಣಕ್ಕೆ ತಿರುಗಿ ಫಳಫಳ ಎನ್ನುತ್ತಿತ್ತು. ಚೆಂಡುಹೂವು ಬರೆದಳು, ನನ್ನ ಮೀಸೆ ಅರಿಸಿನ ಬಳಿದಂತಾಯಿತು. ಹುಂಜ ಬರೆದ ಮಾರನೆಯ ದಿನ ನನ್ನ ಕಿವಿಗಳು ಕೆಂಪಗೆ ಕುಂಕುಮವಾಗಿ, ಸ್ಟೇಷನರಿ ಅಂಗಡಿಯ ಪುಟ್ಟಸ್ವಾಮಿ, "ಕೂಗೋದು ಎಷ್ಟು ಗಂಟೆಗೆ ಉಮಾಪತಿ?" ಎಂದು ಕೇಳಿ ಹೋದ. ಇಂಥ ಸಣ್ಣ ಚಿತ್ರಗಳ ಪ್ರಭಾವ ಸಂಜೆಗೆ ಇಳಿಯುತ್ತದೆ, ಆದರೆ ಸಂಜೆಯ ತನಕ ಅಂಗಡಿಯಲ್ಲಿ ಕೂರಬೇಕಾದವನು ನಾನು. ಊರಿನವರು ಚೆನ್ನಾಗಿರುವ ಸೈಕಲ್ಲಿನ ಗಾಳಿ ತಾವೇ ಬಿಟ್ಟುಕೊಂಡು, ಹಾಕಿಸುವ ನೆಪದಲ್ಲಿ ನನ್ನನ್ನು ನೋಡಲು ಬಂದರು. ಎಮ್ಮೆ ಬರೆದಾಗಲಂತೂ ನಾನು ಕಪ್ಪಗೆ ಮಿರಿಮಿರಿ ಮಿಂಚಿದೆ. ಎಮ್ಮೆಯ ಒಡತಿ ಗೌರಮ್ಮ ಅಂಗಡಿಗೇ ಬಂದು, "ನಮ್ಮ ಲಕ್ಷ್ಮಿ ಪಾಲಿಂದು ನಿಮಗೆ ಬಂದೈತೆ. ಬೆಳಗ್ಗೆಯಿಂದ ಮೇವು ಮುಟ್ಟಿಲ್ಲ, ಮುನಿಸ್ಕೊಂಡೈತೆ. ಏನು ಮಾಡ್ತೀರೋ ಮಾಡಿ" ಎಂದು ಜಗಳಕ್ಕೆ ನಿಂತರು. ಒಂದು ಹೊರೆ ಹಸಿ ಹುಲ್ಲು ಕೊಡಿಸಿ ಎಮ್ಮೆಯನ್ನು ಸಮಾಧಾನ ಮಾಡಿ ಬಂದೆ.

ನಗುವವರು ನಕ್ಕರು, ನಾನೂ ನಕ್ಕೆ. ನಿಜ ಹೇಳಬೇಕೆಂದರೆ ಒಳಗೊಳಗೆ ಬೀಗಿದೆ. ಬದನೆಕಾಯಿ ಬರೆಯುವಾಗಲೂ ಹೆಂಡತಿಯ ಮನಸ್ಸು ನನ್ನ ಕಡೆಗೇ ಇರುವ ಗಂಡಸು ಈ ಊರಿನಲ್ಲಿ ಇನ್ಯಾರಿದ್ದಾರೆ? ಆದರೆ ಸರ್ವಮಂಗಳ ನಗಲಿಲ್ಲ. "ಹೀಗೇ ಆದ್ರೆ ಮಾಸ್ಟ್ರ ಚಿತ್ರಾನೂ ನಿಮಗೇ ಬಂದು ಕೂರತ್ತೆ" ಎಂದಳು. "ಎರಡನೇ ಸಲ ಫೇಲಾದ್ರೆ ಮೂರನೇ ಸಲಕ್ಕೆ ಅವಕಾಶ ಇಲ್ಲ. ಅವರು ಹಾಗೇ ಮಸುಕಾಗೇ ಹೋಗಿಬಿಡ್ತಾರೆ ಕಣ್ರೀ." ಅವಳ ಕಣ್ಣು ತುಂಬಿದ್ದು ನೋಡಿ ನನ್ನ ಬೀಗುವಿಕೆಯೆಲ್ಲ ಇಳಿದುಹೋಯಿತು.

ಜಬೀನ್ ಮೇಡಂ ಒಂದು ಉಪಾಯ ಹೇಳಿದರು. "ನೀವಿಬ್ಬರೂ ಒಂದು ವಾರ ಜಗಳ ಆಡಿ ನೋಡೋಣ. ಮನಸ್ಸು ಅತ್ತ ಹೋಗೋದು ಕಮ್ಮಿ ಆಗಬಹುದು." ಜಗಳವಾಡಲು ಕೂತೆವು. ವಿಷಯವೇ ಸಿಗಲಿಲ್ಲ. ಅವಳ ತವರಿನವರನ್ನು ಅಂದೆ, ಅವಳು "ಹೌದು, ಅವರು ಹಾಗೇನೇ" ಎಂದು ಒಪ್ಪಿಕೊಂಡಳು. ನನ್ನ ಗೊರಕೆಯ ಸುದ್ದಿ ಎತ್ತಿದಳು, ನಾನು ಕ್ಷಮೆ ಕೇಳಿದೆ. ಕೊನೆಗೆ ಹೇಗೋ ಮಾಡಿ ಸಾರಿನ ಉಪ್ಪಿನ ಮೇಲೆ ಜಗಳ ಹತ್ತಿಸಿದೆವು. ಆದರೆ ಆ ಹೊತ್ತಿಗೆ ಸಾರು ಮಾಡುತ್ತಿದ್ದವನು ನಾನೇ ಆದ್ದರಿಂದ ಅವಳಿಗೆ ನಗು ತಡೆಯಲಾಗಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ, ನಮ್ಮದು ಉಣ್ಣುವ ತನಕವೂ ಬರಲಿಲ್ಲ. ಮಾರನೆಯ ದಿನ ಅವಳು ಹಲಸಿನ ಹಣ್ಣು ಬರೆದಳು. ನನ್ನ ಮೈಯಿಂದ ಎಂಥ ಘಮ ಬಂತೆಂದರೆ ನೊಣಗಳನ್ನು ಓಡಿಸುವುದರಲ್ಲೇ ದಿನ ಕಳೆಯಿತು.

ಆಗ ಮೇಡಂ ಎರಡನೆಯ ಉಪಾಯ ಹೇಳಿದರು. "ಒಂದು ಸಲ ಇವರನ್ನೇ ಕೂರಿಸಿ ಪೂರ್ತಿಯಾಗಿ ಬರೆದುಬಿಡಿ ಮಂಗಳಮ್ಮ. ಅವರ ಪಾಲು ಅವರಿಗೆ ಸೇರಲಿ. ಆಮೇಲೆ ಬೇರೆಯವರದು ಬೇರೆಯವರಿಗೆ ಹೋಗತ್ತೋ ಏನೋ."

ನಾನು ಅಂಗಡಿಗೆ ರಜೆ ಹಾಕಿ, ಕ್ಷೌರ ಮಾಡಿಸಿಕೊಂಡು, ಮದುವೆಮನೆಗೆ ಹೋಗುವ ಅಂಗಿ ತೊಟ್ಟು ತರಗತಿಯಲ್ಲಿ ಕೂತೆ. ಸರ್ವಮಂಗಳ ಬರೆದಳು. ಕೈ ಎಲ್ಲಿಯೂ ತಡೆಯಲಿಲ್ಲ, ಸರಾಗವಾಗಿ ಹರಿಯಿತು. ಮಕ್ಕಳೆಲ್ಲ ಹಿಂದೆ ನಿಂತು ನೋಡುತ್ತಾ ಕಿಸಿಕಿಸಿ ಎಂದವು. ಮುಗಿದ ಮೇಲೆ ನನಗೂ ತೋರಿಸಿದಳು. ಬಹಳ ಚೆನ್ನಾಗಿತ್ತು. ಸಾಕ್ಷಾತ್ ನಾನೇ. ಮನೆಗೆ ತಂದು ನಡುಮನೆಯ ಮೇಜಿನ ಮೇಲಿಟ್ಟೆವು.

ಬೆಳಗಾಯಿತು, ಹಾಲಿನವನು ಬಂದ, ಹೋದ. ಚಿತ್ರ ಅಲ್ಲೇ ಇತ್ತು.

ಎಮ್ಮೆ, ಬದನೆಕಾಯಿ, ಹುಂಜ ಎಲ್ಲವೂ ಓಡೋಡಿ ನನ್ನ ಹತ್ತಿರ ಬಂದವು, ನನ್ನ ಚಿತ್ರವೇ ನನ್ನ ಹತ್ತಿರ ಬರಲಿಲ್ಲ. ಸರ್ವಮಂಗಳ ಹಾಳೆಯನ್ನೇ ನೋಡುತ್ತಾ ನೆಲದ ಮೇಲೆ ಕೂತುಬಿಟ್ಟಳು. "ನನ್ನ ಕೈ ಹೋಯ್ತು ಕಣ್ರೀ" ಎಂದು ಅತ್ತಳು. ಬಂದರೆ ಕಷ್ಟ, ಬಾರದಿದ್ದರೆ ಇನ್ನೂ ಕಷ್ಟ. ಹಾಳೆಯನ್ನು ಸುರುಳಿ ಸುತ್ತಿ, ಅವಳನ್ನೂ ಕರೆದುಕೊಂಡು ಮೇಡಂ ಹತ್ತಿರ ಹೋದೆ.

ಜಬೀನ್ ಮೇಡಂ ಹಾಳೆಯನ್ನು ಬಿಡಿಸಿ ನೋಡಿದರು. ನನ್ನನ್ನು ನೋಡಿದರು. ಮತ್ತೆ ಹಾಳೆಯನ್ನು ನೋಡಿದರು.

"ಇದು ಯಾರು ಮಂಗಳಮ್ಮ?"

"ನಮ್ಮನೆಯವರು ಮೇಡಂ."

"ಮತ್ತೆ ಇಲ್ಲಿ ನಿಂತಿರೋದು ಯಾರು?"

ನಾವಿಬ್ಬರೂ ಅರ್ಥವಾಗದೆ ಬಗ್ಗಿ ನೋಡಿದೆವು. ಚಿತ್ರದಲ್ಲಿದ್ದವನ ತಲೆಯ ಮೇಲೆ ಕಾಡಿನಂಥ ಕೂದಲಿತ್ತು. ಕನ್ನಡಕವಿರಲಿಲ್ಲ. ಗಲ್ಲದ ಕೆಳಗೆ ನೇತಾಡುವ ಚರ್ಮವಿರಲಿಲ್ಲ. ಪಂಕ್ಚರ್ ಹಾಕುತ್ತಾ ಕಿಟಕಿಯ ಕಡೆ ಕಳ್ಳನೋಟ ಬೀರುತ್ತಿದ್ದ ಇಪ್ಪತ್ತಮೂರರ ಹುಡುಗ ಅವನು. ನನ್ನ ಬೊಕ್ಕತಲೆಯನ್ನು ಎದುರಿಗೆ ಇಟ್ಟುಕೊಂಡೇ ಅವಳು ಆ ಕೂದಲನ್ನೆಲ್ಲ ಒಂದೊಂದಾಗಿ ಬರೆದಿದ್ದಳು. ಅವಳಿಗೆ ಗೊತ್ತಾಗಿರಲಿಲ್ಲ. ತಮಾಷೆಯೆಂದರೆ ನನಗೂ ಗೊತ್ತಾಗಿರಲಿಲ್ಲ. ಮಕ್ಕಳು ಕಿಸಿಕಿಸಿ ಎಂದದ್ದು ಯಾಕೆಂದು ಈಗ ತಿಳಿಯಿತು.

"ನೀವು ನೋಡಿ ಬರೀತಾ ಇಲ್ಲ" ಎಂದರು ಮೇಡಂ, ಮೆಲ್ಲಗೆ. "ಎಮ್ಮೆ ಇರಲಿ, ಬದನೆಕಾಯಿ ಇರಲಿ, ನಿಮ್ಮ ಕೈ ಒಂದೇ ದಾರಿ ಹಿಡಿದುಬಿಟ್ಟಿದೆ. ಅದಕ್ಕೇ ಎಲ್ಲಾ ಇವರ ಹತ್ರ ಹೋಗತ್ತೆ. ಇವನು ಮಾತ್ರ ಎಲ್ಲಿಗೆ ಹೋಗಬೇಕು ಹೇಳಿ? ಈ ಹುಡುಗ ಈಗ ಎಲ್ಲೂ ಇಲ್ಲ."

ಸರ್ವಮಂಗಳ ಹಾಳೆಯ ಮೇಲಿನ ಆ ಕೂದಲನ್ನು ಬೆರಳಿನಿಂದ ಸವರಿದಳು. ಆಮೇಲೆ, "ಅವತ್ತು ಪರೀಕ್ಷೆಯಲ್ಲಿ ಮಾಸ್ಟ್ರ ಕೋಟಿನ ಗುಂಡಿ ಎಷ್ಟಿತ್ತು ಅಂತ ಯಾರಾದ್ರೂ ಕೇಳಿದ್ರೆ ನನಗೆ ಗೊತ್ತಿಲ್ಲ ಮೇಡಂ" ಎಂದಳು. "ನಾನು ಅವರನ್ನ ನೋಡೇ ಇಲ್ಲ."

ಅವತ್ತಿನಿಂದ ನಮ್ಮ ಮನೆಯಲ್ಲಿ ನೋಡುವ ಅಭ್ಯಾಸ ಶುರುವಾಯಿತು. ಬರೆಯುವುದಿಲ್ಲ, ಬರೀ ನೋಡುವುದು. ಮಧ್ಯಾಹ್ನ ಊಟವಾದ ಮೇಲೆ ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿ ನೋಡುತ್ತಿದ್ದಳು. ಇಷ್ಟು ವರ್ಷ ಸಂಸಾರ ಮಾಡಿದ ಹೆಂಡತಿ ಹಾಗೆ ನೋಡಿದರೆ ಎಷ್ಟು ನಾಚಿಕೆಯಾಗುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು.

"ಹುಬ್ಬಿನ ಹತ್ರ ಈ ಗಾಯ ಯಾವಾಗ ಆಯ್ತು?"

"ಚಿನ್ನಿ ಹುಟ್ಟಿದ ವರ್ಷ. ಸೈಕಲ್ಲಿನ ಫೋರ್ಕ್ ಬಡೀತು. ನೀನೇ ಅರಿಸಿನ ಇಟ್ಟಿದ್ದೆ."

"ಇಟ್ಟಿದ್ದೆ. ನೋಡಿರಲಿಲ್ಲ" ಎಂದು ಬೆರಳಿನಿಂದ ಮುಟ್ಟಿ ನೋಡಿದಳು. "ನಿಮ್ಮ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದು ಕಣ್ರೀ!" ಎಂದು ನಿಧಿ ಸಿಕ್ಕವಳಂತೆ ಸಂತೋಷಪಟ್ಟಳು. ನನಗೂ ಸಂತೋಷವಾಯಿತು, ಯಾಕೆಂದು ಗೊತ್ತಿಲ್ಲ. ಆಮೇಲೆ ಬದನೆಕಾಯಿಯನ್ನು ನೋಡಿದಳು, ಗೌರಮ್ಮನ ಎಮ್ಮೆಯ ಮುಂದೆ ಗಂಟೆಗಟ್ಟಲೆ ನಿಂತು ನೋಡಿದಳು. ಎಮ್ಮೆಯೂ ಇವಳನ್ನು ನೋಡಿತು.

ದೀಪಾವಳಿ ಕಳೆದ ಮೇಲೆ ಒಂದು ದಿನ ಕಾಂಪೌಂಡಿನ ಮಲ್ಲಿಗೆ ಬಳ್ಳಿಯನ್ನು ಬರೆದಳು. ಬೆಳಗ್ಗೆ ಎದ್ದವನೇ ಅಭ್ಯಾಸಬಲದಿಂದ ಕನ್ನಡಿ ನೋಡಿಕೊಂಡೆ. ಮೂಗು ಮೂಗಿನ ಬಣ್ಣದಲ್ಲಿತ್ತು, ಮೀಸೆ ಬೆಳ್ಳಗಿತ್ತು, ಮೈಯಲ್ಲಿ ನನ್ನ ಎಂದಿನ ಗ್ರೀಸಿನ ವಾಸನೆ. ಹೊರಗೆ ಸರ್ವಮಂಗಳ ಕೂಗಿದಳು. ಹೋಗಿ ನೋಡಿದರೆ ಬಳ್ಳಿ ಗೋಡೆಯುದ್ದಕ್ಕೂ ಹಸಿರು ಹಸಿರಾಗಿ ನಗುತ್ತಿದೆ, ಅವಳು ಅದರ ಮುಂದೆ ಕೂಸಿನ ಹಾಗೆ ಕುಣಿಯುತ್ತಿದ್ದಾಳೆ. ನಾನೂ ಕೈ ಹಿಡಿದು ಕುಣಿದೆ. ಆದರೆ ಸುಳ್ಳು ಹೇಳುವುದಿಲ್ಲ, ಹೊಟ್ಟೆಯೊಳಗೆ ಎಲ್ಲೋ ಒಂದು ಮುಳ್ಳು ಚುಚ್ಚಿತು. ಇಷ್ಟು ವರ್ಷ ನನ್ನ ಕಡೆಗೇ ಬರುತ್ತಿದ್ದ ದಾರಿ ಈಗ ಬೇರೆ ಕಡೆ ತಿರುಗಿತಲ್ಲ ಎಂದು. ಬಳ್ಳಿಯ ಮೇಲೆ ಹೊಟ್ಟೆಕಿಚ್ಚು ಪಡುವ ಗಂಡಸನ್ನು ನೀವು ಕಂಡಿದ್ದೀರಾ? ನಾನೇ ಅವನು.

ಪರೀಕ್ಷೆ ಹತ್ತಿರ ಬಂದಂತೆ ನನಗೆ ದಿಗಿಲು ಹೆಚ್ಚಿತು. ಅವಳು ಪಾಸಾಗಬೇಕು, ಮಾಸ್ಟರಿಗೆ ಕಳೆ ಬರಬೇಕು, ಇದರಲ್ಲಿ ಎರಡು ಮಾತಿಲ್ಲ. ಆದರೆ ಮನಸ್ಸಿನ ಮೂಲೆಯಲ್ಲಿ ಕೂತ ಆ ಹಳೆಯ ಪಂಕ್ಚರ್ ಹುಡುಗ, "ಒಂದು ಚೂರಾದರೂ ಇತ್ತ ಬರಲಿ" ಎನ್ನುತ್ತಿದ್ದ. ಅವನ ಬಾಯಿ ಮುಚ್ಚಿಸಿ ಹಿಂದಿನ ದಿನ ಅವಳಿಗೆ ಹೇಳಿದೆ, "ನಾಳೆ ನಾನು ಊರಲ್ಲಿರೋದಿಲ್ಲ ಮಂಗಳ. ಬಸ್ಸು ಹತ್ತಿ ಎಲ್ಲಾದ್ರೂ ಹೋಗಿರ್ತೀನಿ. ಕಿಟಕಿಯಿಂದ ನಾನು ಕಾಣದೆ ಇದ್ರೆ ನಿನಗೆ ಅನುಕೂಲ."

"ಎಲ್ಲೂ ಹೋಗ್ಬೇಡಿ" ಎಂದಳು. "ಅಂಗಡೀಲೇ ಇರಿ. ನಾನು ಅದೇ ಕೋಣೇಲಿ, ಅದೇ ಜಾಗದಲ್ಲಿ ಕೂರೋದು. ಕಿಟಕಿ ತೆರೆದೇ ಇರತ್ತೆ. ನಿಮ್ಮನ್ನ ಊರು ಬಿಡಿಸಿ ಪಾಸಾದ್ರೆ ಅದೇನು ಪಾಸು?"

ಪರೀಕ್ಷೆಯ ದಿನ ಷಡಕ್ಷರಯ್ಯನವರು ಅದೇ ಹಳೆಯ ಕೋಟನ್ನು ಇಸ್ತ್ರಿ ಮಾಡಿಸಿಕೊಂಡು ಬಂದರು. ಕಾವಲುಗಾರನಿಗೆ ಅವರು ಕಾಣಲಿಲ್ಲ, ಅವರ ಮುಖದ ಮೇಲೆಯೇ ಗೇಟು ಹಾಕಿದ. ನಾನು ಅಂಗಡಿಯಿಂದ ಓಡಿಹೋಗಿ, ಬೈದು, ತೆಗೆಸಿ, ಅವರ ಕೈಹಿಡಿದು ಒಳಗೆ ಬಿಟ್ಟುಬಂದೆ. ಆಮೇಲೆ ಅಂಗಡಿಗೆ ಮರಳಿ ಕಿಟಕಿಗೆ ಬೆನ್ನು ಮಾಡಿ ಕೂತೆ. ತಿರುಗಬಾರದೆಂದು ಆಣೆ ಹಾಕಿಕೊಂಡಿದ್ದೆ. ಆದರೂ ಹ್ಯಾಂಡಲ್ಲಿಗೆ ಹಾಕುವ ಸಣ್ಣ ಕನ್ನಡಿಯೊಂದು ಕೈಗೆ ಸಿಕ್ಕಿತು, ಒರೆಸುವ ನೆಪದಲ್ಲಿ ಎತ್ತಿ ಹಿಡಿದೆ. ಕನ್ನಡಿಯಲ್ಲಿ ಕಿಟಕಿ, ಕಿಟಕಿಯಲ್ಲಿ ಸರ್ವಮಂಗಳ. ಅವಳು ಒಂದೇ ಒಂದು ಸಲವೂ ನನ್ನ ಕಡೆ ತಿರುಗಲಿಲ್ಲ. ಎದುರಿಗಿದ್ದವರನ್ನು ನೋಡುತ್ತಿದ್ದಳು, ಬರೆಯುತ್ತಿದ್ದಳು, ಮತ್ತೆ ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತಿತ್ತು. ನನ್ನ ಹುಬ್ಬಿನ ಗಾಯವನ್ನು ಹುಡುಕಿದ ನೋಟ ಅದು.

ಮಾಸ್ಟರು ಆಮೇಲೆ ನನಗೆ ಹೇಳಿದರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅವರ ಕಣ್ಣಲ್ಲಿ ನೀರು ಇಳಿಯಿತಂತೆ. ತೀರಿಹೋದ ಹೆಂಡತಿ ಬಿಟ್ಟರೆ ತನ್ನನ್ನು ಯಾರೂ ಅಷ್ಟು ಹೊತ್ತು ನೋಡಿಯೇ ಇರಲಿಲ್ಲವಂತೆ. ಒರೆಸಿಕೊಳ್ಳಲು ಕೈ ಎತ್ತಿದಾಗ ಇವಳು, "ಅಲ್ಲಾಡಬೇಡಿ ಮಾಸ್ಟ್ರೇ, ಅದೂ ಇರಲಿ" ಎಂದಳಂತೆ.

ಮಾರನೆಯ ಬೆಳಗ್ಗೆ ನಾನು ಕನ್ನಡಿಯ ಹತ್ತಿರ ಹೋಗಲಿಲ್ಲ. ಸರ್ವಮಂಗಳಳೂ ನನ್ನ ಮುಖ ನೋಡದೆ ಒಲೆಯ ಕಡೆ ತಿರುಗಿಕೊಂಡೇ ಕಾಫಿ ಲೋಟ ಹಿಂದಕ್ಕೆ ಚಾಚಿದಳು. ಹೀಗೆಯೇ ಎಷ್ಟು ಹೊತ್ತು ಇರಲು ಸಾಧ್ಯ? ಕೊನೆಗೆ ಅವಳೇ ತಿರುಗಿ, ನನ್ನ ಗಲ್ಲ ಹಿಡಿದು ಬೆಳಕಿಗೆ ಎಳೆದಳು. ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು, ಬೊಕ್ಕತಲೆಯನ್ನೂ ಬಗ್ಗಿಸಿ ನೋಡಿದಳು.

"ಏನೂ ಇಲ್ಲ" ಎಂದಳು, ಉಸಿರೇ ಹೊರಡದ ದನಿಯಲ್ಲಿ.

"ಏನೂ ಇಲ್ವಾ?"

"ನಿನ್ನೆ ಇದ್ದ ಹಾಗೇ ಇದೀರಿ."

ನನಗೆ ನಗು ಬಂತು, ಅಳುವೂ ಬಂತು. ಅಷ್ಟರಲ್ಲಿ ಬೀದಿಯಲ್ಲಿ ಏನೋ ಗದ್ದಲ ಕೇಳಿಸಿತು. ಇಬ್ಬರೂ ಬಾಗಿಲಿಗೆ ಓಡಿದೆವು.

ಬೀದಿಯ ತುದಿಯಲ್ಲಿ ಬಸ್ಸು ನಿಂತಿತ್ತು. ಅಲ್ಲಿ ಅದು ನಿಲ್ಲುವ ಜಾಗವೇ ಅಲ್ಲ. ಡ್ರೈವರು ತಲೆ ಹೊರಗೆ ಹಾಕಿ, "ಹತ್ತಿ ಯಜಮಾನ್ರೇ, ಎಲ್ಲಿಗೆ ಬಿಡ್ಲಿ?" ಎಂದು ಕೂಗುತ್ತಿದ್ದ. ಹೋಟೆಲಿನ ಮಾಣಿ ಒರೆಸುವ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ರಸ್ತೆಗೇ ಬಂದು, "ಮಾಸ್ಟ್ರೇ, ಬಿಸಿ ಇಡ್ಲಿ ಇದೆ" ಎನ್ನುತ್ತಿದ್ದ. ಗೌರಮ್ಮ ಎಮ್ಮೆಯ ಹಗ್ಗ ಹಿಡಿದುಕೊಂಡು ಬಾಯಿ ಬಿಟ್ಟು ನಿಂತಿದ್ದರು. ಎಲ್ಲರಿಗೂ ಕೈಮುಗಿಯುತ್ತಾ ಷಡಕ್ಷರಯ್ಯನವರು ರಸ್ತೆಯ ನಡುವೆ ನಡೆದು ಬರುತ್ತಿದ್ದರು. ಮುಪ್ಪು ಎಲ್ಲಿಯೂ ಹೋಗಿರಲಿಲ್ಲ. ಒಂದೊಂದು ಸುಕ್ಕೂ ಆಗತಾನೆ ಎಳೆದಂತೆ ಸ್ಪಷ್ಟವಾಗಿತ್ತು. ಕಣ್ಣುಗಳಲ್ಲಿ ನಿನ್ನೆಯ ನೀರಿನ ಹೊಳಪೂ ಹಾಗೇ ಇತ್ತು. ಎಂಬತ್ತು ದಾಟಿದ ಮನುಷ್ಯ ಇಷ್ಟು ಚೆನ್ನಾಗಿ ಎಂಬತ್ತು ದಾಟಿದವನಂತೆ ಕಂಡದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ನಮ್ಮ ಬಾಗಿಲಿಗೆ ಬಂದು ಸರ್ವಮಂಗಳಳ ಮುಂದೆ ನಿಂತರು.

"ತಲುಪಿತಮ್ಮಾ" ಎಂದರು. "ತಡವಾದ್ರೂ ಸರಿಯಾದ ವಿಳಾಸಕ್ಕೆ ತಲುಪಿತು."

ಸರ್ವಮಂಗಳ ಬಗ್ಗಿ ಅವರ ಕಾಲು ಮುಟ್ಟಿದಳು. ಎದ್ದವಳೇ ಕಾಲೇಜಿನ ಕಡೆ ಓಡಿದಳು. ಅವಳು ಓಡಿದ್ದನ್ನು ನೋಡಿ ಎಷ್ಟೋ ವರ್ಷವಾಗಿತ್ತು. ನಾವೆಲ್ಲ ಹಿಂದೆಯೇ ಓಡಿದೆವು. ಪರೀಕ್ಷಕರು ಖಾಲಿ ಹಾಳೆಯ ಮೇಲೆ ಹನಿ ಬಿಟ್ಟರು, ಅದು ಈ ತುದಿಯಿಂದ ಆ ತುದಿಗೆ ಉರುಳಿ ಹೋಯಿತು. ಮಕ್ಕಳು ಮಂಗಳಕ್ಕನನ್ನು 'ಹೋ' ಎಂದು ಎತ್ತಿಕೊಂಡರು. ಜಬೀನ್ ಮೇಡಂ ಕಿವಿಯ ಮೇಲಿನ ಪೆನ್ಸಿಲ್ಲನ್ನು ತೆಗೆದು ಅವಳ ಕಿವಿಗೆ ಸಿಕ್ಕಿಸಿದರು. ಅವತ್ತು ಗೌರಮ್ಮನ ಎಮ್ಮೆಯ ಹಾಲಿನಲ್ಲಿ ಊರಿಗೆಲ್ಲ ಪಾಯಸ. ಮಾಡಿದವನು ನಾನು, ತಳ ಹತ್ತಿರಲಿಲ್ಲ.

ಅದಾದ ಮೇಲೆ ಒಂದು ಮಧ್ಯಾಹ್ನ, ನಾನು ಅಂಗಡಿಯಲ್ಲಿ ಚಕ್ರದ ಕಡ್ಡಿ ನೇರ ಮಾಡುತ್ತಿದ್ದಾಗ ಸರ್ವಮಂಗಳ ಹಲಗೆ, ಹಾಳೆ ಹಿಡಿದುಕೊಂಡು ಬಂದಳು. ನನ್ನ ಎದುರಿಗೆ ಸ್ಟೂಲು ಹಾಕಿಕೊಂಡು ಕೂತಳು. ನಾನು ಅಂಗಿ ಬದಲಾಯಿಸಲು ಎದ್ದೆ.

"ಬೇಡ, ಹಾಗೇ ಕೂತ್ಕೊಳ್ಳಿ. ಕನ್ನಡಕ ತೆಗೀಬೇಡಿ. ಹೊಟ್ಟೆ ಒಳಗೆ ಎಳ್ಕೋಬೇಡಿ."

"ಈ ಮುದುಕನ್ನ ಬರೆದು ಏನು ಮಾಡ್ತೀಯೇ?"

"ಬಾಯಿ ಮುಚ್ಚಿ. ತುಟಿ ಸಿಗ್ತಾ ಇಲ್ಲ" ಎಂದಳು.

ಕೂತೆ. ಅವಳು ನೋಡಿದಳು. ಗಿರಾಕಿಗಳು ಬಂದು ಕಾದು ನಿಂತರು, ಯಾರನ್ನೂ ಮಾತಾಡಿಸಲಿಲ್ಲ. ಮಾರನೆಯ ಬೆಳಗ್ಗೆ ನಾನು ಅಂಗಡಿಗೆ ಹೊರಟಾಗ ಪುಟ್ಟಸ್ವಾಮಿ ಕಣ್ಣಿಗೆ ಕೈ ಅಡ್ಡ ಹಿಡಿದು, "ಉಮಾಪತಿ, ತಲೆಗೊಂದು ಟೋಪಿ ಹಾಕ್ಕೊಳ್ಳಯ್ಯ, ನೋಡೋಕಾಗ್ತಿಲ್ಲ" ಎಂದ. ನನ್ನ ಬೊಕ್ಕತಲೆ ಅಷ್ಟು ಹೊಳೆಯುತ್ತಿತ್ತು.

ಈಗ ಅಂಗಡಿಯ ಗೋಡೆಯ ಮೇಲೆ ಎರಡು ಚೌಕಟ್ಟುಗಳಿವೆ. ಒಂದು ಖಾಲಿ, ನೋಡಿದವರು ತಲೆದೂಗುತ್ತಾರೆ. ಇನ್ನೊಂದರಲ್ಲಿ ಕಾಡಿನಂಥ ಕೂದಲಿನ ಆ ಹುಡುಗ. ಹೋಗದ ಚಿತ್ರವನ್ನು ಯಾರಾದರೂ ಹೀಗೆ ರಾಜಾರೋಷವಾಗಿ ನೇತುಹಾಕುತ್ತಾರೆಯೇ ಎಂದು ಊರಿನವರು ಮುಸಿಮುಸಿ ನಗುತ್ತಾರೆ. ನಗಲಿ. ಅವನಿಗೆ ಹೋಗಲು ಬೇರೆ ಜಾಗವಿಲ್ಲ, ಇಲ್ಲೇ ಇರಲಿ ಎಂದು ನಾನೇ ಹಾಕಿಸಿದ್ದು. ಸರ್ವಮಂಗಳ ದಿನಾ ಬೆಳಗ್ಗೆ ಅಂಗಡಿಗೆ ಬಂದು ಎರಡೂ ಗಾಜುಗಳನ್ನು ಸೆರಗಿನಿಂದ ಒರೆಸುತ್ತಾಳೆ. ಮೊದಲು ಒರೆಸುವುದು ಆ ಹುಡುಗನದನ್ನೇ. ಒಂದು ಗಳಿಗೆ ಹೆಚ್ಚೇ ಒರೆಸುತ್ತಾಳೆ. ನಾನು ನೋಡಿಯೂ ನೋಡದವನಂತೆ ಪಂಪು ಹೊಡೆಯುತ್ತಿರುತ್ತೇನೆ. ನನಗೇನೂ ಹೊಟ್ಟೆಕಿಚ್ಚಿಲ್ಲ. ಇದ್ದರೂ ಸ್ವಲ್ಪ, ಅಷ್ಟೇ.